ಕೂರುವ ಗಿಡ, ಹಿಡಿಯುವ ಗಿಡ

ಉದ್ಯಾನ ವಿಭಾಗಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದರು. “ಮೇಡಂ, ಇಳಿಜಾರಿಗೆ ಯಾವ್ಯಾವ ಗಿಡ ಹಾಕ್ಬೇಕು, ಒಂದು ಲಿಸ್ಟ್ ಬರ್ಕೊಟ್ಬಿಡಿ” ಎಂದರು. ಕಾಫಿ ಕೊಟ್ಟೆ, ಲಿಸ್ಟು ಕೊಡಲಿಲ್ಲ. ಪುಸ್ತಕದ ಲಿಸ್ಟು ನಂಬಿಕೊಂಡೇ ನಾನು ಕೆಟ್ಟದ್ದು. ಅದಕ್ಕೆ ಬದಲಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಬಡ್ತಿ, ವರ್ಗಾವಣೆ, ನಿವೃತ್ತಿಯ ದಿನ ಹೊದಿಸಿದ ಶಾಲು ಇವೆಲ್ಲ ಇದರಲ್ಲಿ ಬರುವುದಿಲ್ಲ. ಅವುಗಳಿಂದ ಯಾರೂ ಏನೂ ಕಲಿಯಬೇಕಾದ್ದಿಲ್ಲ.

ಎಪ್ಪತ್ತರ ದಶಕದ ಮೊದಮೊದಲ ವರ್ಷಗಳಲ್ಲಿ ನಾನು ಮೇಲ್ವಿಚಾರಕಿಯಾಗಿ ಸೇರಿದೆ. ಕೃಷಿ ಪದವಿ ಮುಗಿಸಿದ್ದೆ, ಮನೆ ರಾಜಾಜಿನಗರದಲ್ಲೇ ಇತ್ತು. ನಮ್ಮ ವಿಭಾಗದಲ್ಲಿ ಸೀರೆ ಉಟ್ಟವರು ಬೇಕಾದಷ್ಟು ಜನ ಇದ್ದರು, ಆದರೆ ಅವರೆಲ್ಲ ಕುಕ್ಕರಗಾಲಿನಲ್ಲಿ ಕೂತು ಕಳೆ ಕೀಳುವವರು. ಸೀರೆ ಉಟ್ಟು ಕುರ್ಚಿಯ ಮೇಲೆ ಕೂತವಳು ನಾನೊಬ್ಬಳೇ. ನಮ್ಮ ಸೂಪರಿಂಟೆಂಡೆಂಟರಿಗೆ ನನ್ನನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ. ಅವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದೆವು. ಕನ್ನಡಿಯಂತೆ ಹೊಳೆಯುವ ಬೂಟು ಹಾಕುತ್ತಿದ್ದರು. ಅದಕ್ಕೆ ಮಣ್ಣು ಮೆತ್ತುತ್ತದೆಂದು ಎಂಥ ತೋಟವನ್ನೂ ರಸ್ತೆಯಲ್ಲಿ ನಿಂತೇ ನೋಡುವವರು.

“ಏನಮ್ಮಾ, ಬಿಸಿಲಲ್ಲಿ ಯಾಕೆ ಒದ್ದಾಡ್ತೀಯ? ಗಿಡಗಳಿಗೆಲ್ಲ ಲ್ಯಾಟಿನ್ ಹೆಸರಿನ ಲೇಬಲ್ ಬರೆದು ಹಾಕು” ಎಂದರು. ಆರು ತಿಂಗಳು ಬರೆದೆ. ಜನ ಓದಲಿಲ್ಲ, ಮೇಕೆಗಳು ಮಾತ್ರ ಒಂದೊಂದನ್ನೂ ಆಸಕ್ತಿಯಿಂದ ಮೂಸಿ ನೋಡಿ, ಪಕ್ಕದ ಗಿಡ ತಿಂದು ಹೋಗುತ್ತಿದ್ದವು. ನಾನೂ ಕೆಲಸ ಬಲ್ಲೆ ಎಂದು ತೋರಿಸಬೇಕೆಂಬ ಹಟ ಅಲ್ಲಿ ಕೂತೇ ಹುಟ್ಟಿದ್ದು. ಹಟ ಕೆಟ್ಟದ್ದಲ್ಲ. ಆದರೆ ಅದರ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ ಎಂದು ನಾನು ಆಗ ನೋಡಿಕೊಳ್ಳಲಿಲ್ಲ.

ನನಗೆ ಕೊಟ್ಟ ಮಾಲಿಗಳ ಗುಂಪಿಗೆ ಮುನಿವೆಂಕಟಪ್ಪ ಎಂಬವರು ಹಿರಿಯರು. ತೋಟದ ಕಸುಬಿನ ಮನೆತನ. ಸಣಕಲು ದೇಹ, ತಲೆಗೊಂದು ಟವೆಲ್ಲು, ಸೊಂಟಕ್ಕೆ ಸಿಕ್ಕಿಸಿದ ಕುಡುಗೋಲು. ನನ್ನನ್ನು “ಅಮ್ಮಣ್ಣಿ” ಎನ್ನುತ್ತಿದ್ದರು. ಅಷ್ಟು ವರ್ಷ ದುಡಿದರೂ ಇನ್ನೂ ದಿನಗೂಲಿ. ಆ ಬಾರಿ ಕಾಯಂ ಮಾಡುವವರ ಪಟ್ಟಿಯಲ್ಲಿ ಅವರದ್ದು ಮೊದಲ ಹೆಸರೆಂದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ವಯಸ್ಸಿನ ಮಿತಿ ಹತ್ತಿರ ಬಂದಿತ್ತು, ಈ ಸಲ ತಪ್ಪಿದರೆ ಮತ್ತೆ ಇಲ್ಲ. ಹೆಸರಿನ ಮುಂದೆ ಒಂದು ಕೆಟ್ಟ ಷರಾ ಬಿದ್ದರೂ ತಪ್ಪುತ್ತಿತ್ತು.

“ಈ ಸಲ ಪರ್ಮನೆಂಟ್ ಆಗ್ಬಿಟ್ರೆ ಸಾಕು ಅಮ್ಮಣ್ಣಿ” ಎಂದು ಒಮ್ಮೆ ಬೀಡಿ ಹಚ್ಚುತ್ತಾ ಹೇಳಿದ್ದರು. “ಪಿಂಚಣಿ ಬರ್ತದೆ. ಕೈಕಾಲು ಬಿದ್ದೋದ್ಮೇಲೆ ಯಾರ್ ಬಾಗ್ಲಿಗೂ ಹೋಗಿ ನಿಲ್ಲಂಗಿಲ್ಲ.”

ನನಗೆ ಮೊದಲು ಸಿಕ್ಕ ಇಳಿಜಾರು ರಾಜಾಜಿನಗರದ ಒಂದು ಪಾರ್ಕಿನ ಅಂಚಿನಲ್ಲಿತ್ತು. ಎರಡಾಳುದ್ದದ ಸಣ್ಣ ದಿಬ್ಬ. ಅದಕ್ಕೆ ಗರಿಕೆ ಹಾಕಿಸಿದೆ. ಎಷ್ಟು ಚೆನ್ನಾಗಿ ಹಬ್ಬಿತೆಂದರೆ ದಿನಾ ಸಂಜೆ ಹೋಗಿ ಸುಮ್ಮನೆ ನೋಡಿಕೊಂಡು ಬರುತ್ತಿದ್ದೆ. ಗಣೇಶನ ಹಬ್ಬದ ದಿನ ಬೆಳಿಗ್ಗೆ ಹೋಗಿ ನೋಡಿದರೆ ದಿಬ್ಬ ಬೋಳು! ಇಡೀ ಬಡಾವಣೆ ಬುಟ್ಟಿ ಹಿಡಿದುಕೊಂಡು ಬಂದು ಪೂಜೆಗೆ ಕಿತ್ತುಕೊಂಡು ಹೋಗಿತ್ತು. ಕೊನೆಯದಾಗಿ ಒಬ್ಬ ಹಿರಿಯರು ಇನ್ನೂ ಕೀಳುತ್ತಿದ್ದರು. ನಾನು ರೇಗಿದ್ದಕ್ಕೆ, “ಇಪ್ಪತ್ತೊಂದು ಎಸಳು ತಾನೇ ಕಣಮ್ಮಾ, ದೇವರ ಹೆಸರಲ್ಲಿ ಇಷ್ಟಕ್ಕೂ ಜಗಳವಾ?” ಎಂದರು. ಇಪ್ಪತ್ತೊಂದೇ, ಆದರೆ ಎಷ್ಟು ಮನೆ!

ಅವತ್ತು ಸಿಟ್ಟಿನಲ್ಲಿ ತೀರ್ಮಾನಿಸಿದೆ. ಇನ್ನು ಮೇಲೆ ಇಳಿಜಾರಿಗೆ ನಮ್ಮ ಯಾವ ದೇವರಿಗೂ ಬೇಡದ ಗಿಡವನ್ನೇ ಹಾಕುತ್ತೇನೆ ಎಂದುಕೊಂಡೆ.

ಅಂಥ ಗಿಡ ಸಾಹೇಬರ ಬಳಿ ಇತ್ತು, ಪುಸ್ತಕದಲ್ಲಿ. ಅವರು ಯಾರೋ ಸ್ನೇಹಿತರಿಂದ ಒಂದು ವಿದೇಶಿ ಗಿಡಗಳ ಚಿತ್ರದ ಪುಸ್ತಕ ತರಿಸಿಕೊಂಡಿದ್ದರು. ಹಿಮದ ಬೆಟ್ಟಗಳ ಮೇಲೆ ನೆಲಕ್ಕಂಟಿಕೊಂಡು ಬೆಳೆಯುವ ಕುಳ್ಳ ಗಿಡಗಳು, ಆಲ್ಪೈನ್ ಅನ್ನುತ್ತಾರೆ. ಬಂಡೆಗಳ ನಡುವೆ ನೇರಳೆ, ಗುಲಾಬಿ, ಬಿಳಿ ದಿಂಬುಗಳನ್ನು ಇಟ್ಟಂತೆ ಹೂ. ಮಹಾಲಕ್ಷ್ಮಿ ಲೇಔಟಿನಲ್ಲಿ ಆಗ ಇನ್ನೂ ಸೈಟುಗಳಿಗೆ ಕಲ್ಲು ನೆಡುತ್ತಿದ್ದರು. ಅಲ್ಲೊಂದು ಗುಡ್ಡದ ಮಗ್ಗುಲನ್ನು ಪಾರ್ಕಿಗೆ ಬಿಟ್ಟಿದ್ದರು. ಬೇಸಿಗೆಯಲ್ಲಿ ಮಂತ್ರಿಯೊಬ್ಬರು ಬಂದು ಅದನ್ನು ಉದ್ಘಾಟಿಸುವುದೆಂದು ಗೊತ್ತಾಗಿತ್ತು.

“ಬೆಂಗಳೂರಿನ ಮಧ್ಯೆ ಒಂದು ಸ್ವಿಟ್ಜರ್ಲೆಂಡ್! ಆಗುತ್ತಾ ನಿನ್ನ ಕೈಲಿ?” ಎಂದರು ಸಾಹೇಬರು.

“ಆಗುತ್ತೆ ಸಾರ್” ಎಂದೆ. ನೀಲಗಿರಿಯಲ್ಲಿ ಎರಡು ತಿಂಗಳು ತರಬೇತಿ ಪಡೆದು ಬಂದಿದ್ದೆ ನೋಡಿ, ಬೆಟ್ಟದ ಗಿಡವೆಲ್ಲ ನನಗೆ ನೆಂಟರು ಎಂಬ ಭ್ರಮೆ. ಅಯ್ಯೋ ನನ್ನ ಬುದ್ಧಿಗಿಷ್ಟು!

ಗಿಡ ಆರಿಸಿದ ಬಗೆಯನ್ನು ಮುಚ್ಚಿಡದೆ ಹೇಳುತ್ತೇನೆ. ಮಂಚದ ಮೇಲೆ ಬೋರಲು ಮಲಗಿ, ಸೀರೆ ಅಂಗಡಿಯಲ್ಲಿ ಬಣ್ಣ ನೋಡುವ ಹಾಗೆ ಪುಟ ತಿರುವಿದೆ. ನೇರಳೆಗೆ ಆಬ್ರೀಷಿಯಾ, ಬಿಳಿಗೆ ಸ್ಯಾಕ್ಸಿಫ್ರೇಜ್, ನೀಲಿಗೆ ಕ್ಯಾಂಪಾನುಲಾ. ಅದೇ ಪುಸ್ತಕದಲ್ಲಿ ನೆಲದ ಮೇಲೆ ಹರಿಯುತ್ತಾ ಬೇರು ಬಿಡುವ ಥೈಮ್ ಇತ್ತು. ಹೂ ತೀರಾ ಸಣ್ಣದೆಂದು ಬಿಟ್ಟೆ. ಆ ಗಿಡಗಳು ವರ್ಷಕ್ಕೆ ನಾಲ್ಕು ತಿಂಗಳು ಹಿಮದ ಕೆಳಗೆ ನಿದ್ದೆ ಮಾಡುತ್ತವೆ, ಆ ನಿದ್ದೆಯೇ ಅವುಗಳ ಜೀವ ಎಂದು ಅಲ್ಲೇ ಬರೆದಿತ್ತು. ಅದನ್ನೂ ಓದಿದ್ದೆ. ಬೆಂಗಳೂರು ತಂಪು ಊರು ತಾನೇ ಎಂದುಕೊಂಡೆ.

ನೀಲಗಿರಿಯ ಒಂದು ನರ್ಸರಿಯಿಂದ ಪಾಚಿಯಲ್ಲಿ ಸುತ್ತಿದ ಸಸಿಗಳು ಬುಟ್ಟಿಗಳಲ್ಲಿ ಬಂದವು. ಮುನಿವೆಂಕಟಪ್ಪ ಒಂದನ್ನು ಎತ್ತಿ, ತಿರುಗಿಸಿ, ಬುಡ ನೋಡಿದರು. ಎಲ್ಲ ಎಲೆಯೂ ಒಂದೇ ಗುಪ್ಪೆ, ಗುಪ್ಪೆಗೆಲ್ಲ ನಡುವೆ ಒಂದೇ ಬೇರು.

“ಅಮ್ಮಣ್ಣಿ, ಇದು ಕೂತ್ಕಳೋ ಗಿಡ. ಹಿಡ್ಕಳೋ ಗಿಡ ಅಲ್ಲ” ಎಂದರು.

“ಹಾಗಂದ್ರೆ?”

“ಇದು ಮಣ್ಣಿನ್ ಮೇಲೆ ಕೂತಿರ್ತದೆ, ಅಷ್ಟೇಯ. ಮಣ್ಣು ಹೊಂಟ್ರೆ ಇದೂ ಜೊತೇಲೇ ಹೊಂಟೋಯ್ತದೆ. ಇಳಿಜಾರ್‌ಗೆ ಗಿಣ್ಣುಗಿಣ್ಣಿಗೂ ಬೇರು ಬಿಡೋದು ಬೇಕು.”

ಅದು ನನಗೆ ಅರ್ಥವಾಗಲಿಲ್ಲ ಎಂದಲ್ಲ. ಪದವಿ ಓದಿದವಳಿಗೆ ಮಾಲಿ ಹೇಳುವುದೇ ಎಂದು ಚುರುಕ್ಕೆಂದಿತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಿತ್ತಲ ಮನುಷ್ಯನ ಮಾತೂ ಹಾಗೆಯೇ. ಗುಡ್ಡದ ಮೇಲಿದ್ದ ಹುಲ್ಲು, ತುಂಬೆ, ಮುಟ್ಟಿದರೆ ಮುನಿ, ಎಲ್ಲವನ್ನೂ ಕಳೆಯೆಂದು ಕೆತ್ತಿಸಿ ಹಾಕಿದೆ. ಕೆಂಪು ಮಣ್ಣು ಸಿಪ್ಪೆ ಸುಲಿದಂತೆ ಹೊರಗೆ ಬಂತು.

ಗುಡ್ಡದ ಬುಡದಲ್ಲಿ ಕುರುಬರಹಳ್ಳಿಯ ಹಳೇ ಮನೆಗಳ ಒಂದು ಸಾಲಿತ್ತು. ಕೊನೆಯ ಮನೆ ಹೊನ್ನಮ್ಮನವರದು. ಎರಡು ಎಮ್ಮೆ ಕಟ್ಟಿಕೊಂಡು ಹಾಲು ಹಾಕುತ್ತಿದ್ದ ಗಟ್ಟಿ ಹೆಂಗಸು. ಅವರ ಅಡಿಗೆಮನೆಯ ಹಿಂಗೋಡೆ ಮಣ್ಣಿನದು. ಅದಕ್ಕೂ ಗುಡ್ಡಕ್ಕೂ ನಡುವೆ ಒಂದು ಎಮ್ಮೆ ತಿರುಗುವಷ್ಟು ಜಾಗ.

“ಹೂವ ಏನಾದ್ರೂ ಹಾಕ್ಕಳಿ ಮೇಡಮ್ಮೋರೆ. ಮಣ್ಣು ಮಾತ್ರ ನಮ್ಮನೆ ಒಳಿಕ್ ಬರ್ದಂಗೆ ನೋಡ್ಕಳಿ” ಎಂದು ಹೊನ್ನಮ್ಮ ಕೂಗಿ ಹೇಳಿದರು.

“ಏನೂ ಆಗಲ್ಲಮ್ಮ” ಎಂದೆ.

ಸಸಿಗಳು ಫೆಬ್ರವರಿಯಲ್ಲಿ ನಗುತ್ತಿದ್ದವು, ಮಾರ್ಚಿನಲ್ಲಿ ಮುಖ ಸಪ್ಪಗೆ ಮಾಡಿದವು, ಏಪ್ರಿಲ್ಲಿನಲ್ಲಿ ಹಪ್ಪಳವಾದವು. ದಿನಕ್ಕೆ ಎರಡು ಸಲ ನೀರು ಹಾಕಿಸಿದೆ. ಒಣಗದೆ ಉಳಿದಿದ್ದವು ಕೊಳೆತವು. ಅದೇ ಬುಟ್ಟಿಗಳಲ್ಲಿ ಬಂದಿದ್ದ ಸೆಡಮ್ ಎಂಬ ಒಂದು ದಪ್ಪೆಲೆಯ ಗಿಡ ಮಾತ್ರ ಅಲ್ಲಿ ಇಲ್ಲಿ ಉಸಿರು ಹಿಡಿದುಕೊಂಡಿತ್ತು. ಉದ್ಘಾಟನೆಗೆ ಹತ್ತು ದಿನವಿತ್ತು.

ಈಗ ನಮ್ಮ ಕಸುಬಿನ ಒಂದು ಗುಟ್ಟು ಹೇಳಬೇಕು. ಫಲಪುಷ್ಪ ಪ್ರದರ್ಶನದಲ್ಲಿ ಒಂದೇ ರಾತ್ರಿಯಲ್ಲಿ ಹೂವಿನ ಹಾಸು ಅರಳಿ ನಿಲ್ಲುತ್ತದಲ್ಲ, ಅದೆಲ್ಲ ನೆಲದಲ್ಲಿ ಬೆಳೆದದ್ದಲ್ಲ. ಕುಂಡದಲ್ಲಿ ಬೆಳೆಸಿದ ಗಿಡವನ್ನು ಕುಂಡದ ಸಮೇತ ಹೂತು, ಬಾಯಿಗೆ ಮಣ್ಣು ಮುಚ್ಚುತ್ತೇವೆ. ಪ್ರದರ್ಶನ ಮುಗಿದ ಮೇಲೆ ಎಬ್ಬಿಸಿಕೊಂಡು ಹೋಗುತ್ತೇವೆ. ಸಮನೆಲದಲ್ಲಿ ಇದರಿಂದ ಏನೂ ತೊಂದರೆಯಿಲ್ಲ. ನಾವೆಲ್ಲ ಕೈ ಪಳಗಿಸಿಕೊಂಡ ವಿದ್ಯೆ ಅದು. ಕಷ್ಟ ಬಂದಾಗ ಮೊದಲು ನೆನಪಾಗುವುದೂ ಅದೇ.

“ನರ್ಸರಿಯಲ್ಲಿರೋ ಫ್ಲಾಕ್ಸು, ವರ್ಬಿನಾ, ಪಿಟೂನಿಯಾ ಎಲ್ಲಾ ತರ್ಸಿ. ಗುಡ್ಡದ ಮೇಲೆ ಹೂತುಬಿಡೋಣ” ಎಂದೆ ಮುನಿವೆಂಕಟಪ್ಪನವರಿಗೆ.

ಅವರು ತಲೆಯ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು. “ಬ್ಯಾಡ ಅಮ್ಮಣ್ಣಿ. ಮೈ ಬೋಳಾಗಿರೋ ಗುಡ್ಡ ಇದು. ಗುಂಡಿ ತೋಡಿದ್ರೆ ಒಂದೊಂದು ಗುಂಡೀನೂ ನೀರು ಕುಡೀತದೆ. ಭರಣಿ ಮಳೆ ಬರೋ ಹೊತ್ತು.”

“ಮಳೆ ಬರೋಷ್ಟರಲ್ಲಿ ಕುಂಡ ಎತ್ತಿ ಗುಂಡಿ ಮುಚ್ಚಿಬಿಡ್ತೀವಿ.”

“ಬ್ಯಾಡ ಅಂತೀನಿ. ಕೆಳಗೆ ಮನೆ ಅವೆ.”

ಹೊನ್ನಮ್ಮ ಎಮ್ಮೆಗೆ ಮೇವು ಹಾಕುತ್ತಾ ಕೆಳಗೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅವರ ಎದುರಿಗೆ ನನ್ನ ಮಾತು ಬೀಳುವುದು ಬೇಡವೆನಿಸಿತು. “ಮುನಿವೆಂಕಟಪ್ಪ, ನಿಮಗೆ ಹೇಳಿದಷ್ಟು ಮಾಡಿ” ಎಂದೆ.

ಅವರು ಟವೆಲ್ಲನ್ನು ಮತ್ತೆ ತಲೆಗೆ ಸುತ್ತಿಕೊಂಡರು. ಗುದ್ದಲಿ ತೆಗೆದುಕೊಂಡು ಹೋಗಿ ತೋಡಿದರು. ನಮ್ಮಲ್ಲಿ ಆಗ ಎಲ್ಲ ಕೆಲಸವೂ ಬಾಯಿಮಾತಿನಲ್ಲೇ ನಡೆಯುತ್ತಿತ್ತು. ಹೇಳಿದವರ ಹೆಸರು ಎಲ್ಲೂ ಇರುತ್ತಿರಲಿಲ್ಲ, ಮಾಡಿದವರ ಹೆಸರು ಹಾಜರಿ ಪುಸ್ತಕದಲ್ಲಿ ಇದ್ದೇ ಇರುತ್ತಿತ್ತು.

ಉದ್ಘಾಟನೆ ಅದ್ದೂರಿಯಾಗಿ ಆಯಿತು. ಮಂತ್ರಿಗಳು ರಿಬ್ಬನ್ ಕತ್ತರಿಸಿದರು, ಸಾಹೇಬರು ರಸ್ತೆಯಲ್ಲಿ ನಿಂತು ಕೈ ತೋರಿಸಿ ವಿವರಿಸಿದರು, ಫೋಟೋ ತೆಗೆದರು. “ನಮ್ಮ ಹುಡುಗಿ ಮಾಡಿದ್ದು ಸಾರ್” ಎಂದು ನನ್ನನ್ನು ಮುಂದಕ್ಕೆ ಕರೆದರು. ನಾನು ಉಬ್ಬಿಹೋದೆ. ಮುನಿವೆಂಕಟಪ್ಪ ಹೋಸ್ ಪೈಪು ಸುತ್ತುತ್ತಾ ದೂರದಲ್ಲಿದ್ದರು.

ಮಾರನೆಯ ದಿನವೇ ಆ ಕುಂಡಗಳು ಇನ್ನೊಂದು ಸಮಾರಂಭಕ್ಕೆ ಬೇಕಾದವು. ಲಾರಿ ಬಂದು ಎತ್ತಿಕೊಂಡು ಹೋಯಿತು. ಮಾಲಿಗಳನ್ನೂ ಸಾಹೇಬರು ಅದರ ಜೊತೆಗೇ ಕಳಿಸಿದರು. “ಗುಂಡಿ ಮುಚ್ಚೋದು ಸೋಮವಾರ ನೋಡೋಣ” ಎಂದರು. ಸರಿ ಸಾರ್ ಎಂದೆ. ಗುಡ್ಡದ ತುಂಬ ತೆರೆದ ಬಾಯಿಗಳು.

ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ ಪಡುವಣ ಕಪ್ಪಾಯಿತು. ಭರಣಿ ಮಳೆ ಧರಣಿಗೆಲ್ಲ ಒಳ್ಳೆಯದಂತೆ. ಆಫೀಸಿನ ಕಿಟಕಿಯಲ್ಲಿ ಅದನ್ನು ನೋಡುತ್ತಾ ನಾನು ಮಾತ್ರ ಮುಚ್ಚದೆ ಬಿಟ್ಟ ಗುಂಡಿಗಳನ್ನು ಎಣಿಸುತ್ತಿದ್ದೆ. ಒಂದು ಗಂಟೆ ಸುರಿಯಿತು. ಬಸ್ಸು ಹಿಡಿದು, ಇಳಿದು, ಸೀರೆ ಎತ್ತಿಕೊಂಡು ಓಡಿದೆ. ಗುಡ್ಡದ ಮಗ್ಗುಲು ಅರ್ಧಕ್ಕರ್ಧ ಜಾರಿತ್ತು. ಹೊನ್ನಮ್ಮನವರ ಅಡಿಗೆಮನೆಯ ಹಿಂಗೋಡೆ ಒಳಕ್ಕೆ ಬಿದ್ದು, ಒಲೆ, ಪಾತ್ರೆ, ಹಿಟ್ಟಿನ ಗುಡಾಣ ಎಲ್ಲವೂ ಕೆಂಪು ರಾಡಿಯ ಕೆಳಗಿದ್ದವು. ಯಾರಿಗೂ ಪೆಟ್ಟಾಗಿರಲಿಲ್ಲ. ಮೋಡ ಕಟ್ಟುವುದನ್ನು ಕಂಡು ಮುನಿವೆಂಕಟಪ್ಪ ಸಮಾರಂಭದ ಕೆಲಸ ಬಿಟ್ಟು ಬಂದು, ಮನೆಯವರನ್ನೂ ಎಮ್ಮೆಗಳನ್ನೂ ಬೀದಿಗೆ ಹೊರಡಿಸಿದ್ದರು. ನಾನು ಹೋದಾಗ ಮೊಣಕಾಲುದ್ದ ರಾಡಿಯಲ್ಲಿ ನಿಂತು ಬಾಣಲೆಯಲ್ಲಿ ಮಣ್ಣು ಎತ್ತಿ ಹಾಕುತ್ತಿದ್ದರು. ನನ್ನನ್ನು ನೋಡಿ, “ಮೇಲಿಂದ ಬರ್ಬೇಡಿ ಅಮ್ಮಣ್ಣಿ, ಜಾರ್ತದೆ” ಎಂದರು.

ಸಾಹೇಬರೂ ಬಂದರು. ರಸ್ತೆಯಲ್ಲೇ ನಿಂತರು. ಹೊನ್ನಮ್ಮ ಅಲ್ಲಿಗೇ ಹೋಗಿ ಹಿಡಿದುಕೊಂಡರು.

“ಗುಂಡಿ ತೋಡ್‌ಬ್ಯಾಡಿ ಅಂತ ಈ ಯಪ್ಪ ಬಡ್ಕಂಡ್ರು ಸ್ವಾಮಿ. ನನ್ ಕಿವಿಯಾರೆ ಕೇಳಿವ್ನಿ. ಕೇಳಿ ಬೇಕಾದ್ರೆ ಈಯಮ್ಮನ್ನ!”

ಸಾಹೇಬರು ನನ್ನ ಕಡೆ ತಿರುಗಿದರು. “ಹೌದೇನಮ್ಮಾ?”

ಇಷ್ಟು ಚಿಕ್ಕ ಪ್ರಶ್ನೆ. ಹೌದು ಸಾರ್ ಎಂದರೆ ಮುಗಿಯುತ್ತಿತ್ತು. ನಾನು ರಾಡಿಯಾದ ನನ್ನ ಚಪ್ಪಲಿ ನೋಡುತ್ತಾ ನಿಂತೆ.

ಸೋಮವಾರ ನನ್ನ ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ ಇತ್ತು. ದಿನಗೂಲಿ ಮಾಲಿ ಮುನಿವೆಂಕಟಪ್ಪ ಮೇಲ್ವಿಚಾರಕರ ಸೂಚನೆಯನ್ನು ಮೀರಿ ಇಳಿಜಾರಿನಲ್ಲಿ ಆಳವಾದ ಗುಂಡಿಗಳನ್ನು ತೋಡಿದ್ದರಿಂದ ಮಣ್ಣು ಕುಸಿದಿದೆ, ಅಲ್ಲದೆ ಆ ದಿನ ಅವರು ಕೆಲಸದ ಸ್ಥಳ ಬಿಟ್ಟು ಹೋಗಿದ್ದರು ಎಂದು ಬರೆದಿತ್ತು.

“ಸಾರ್, ಇದು...” ಎಂದೆ.

“ನೀನು ಪ್ರೊಬೇಷನ್‌ನಲ್ಲಿದ್ದೀಯ. ಮೇಲಿನವರಿಗೆ ಒಬ್ಬರ ಹೆಸರು ಹೋಗಲೇಬೇಕು. ಅವನಿಗೇನು, ಎಲ್ಲಾದರೂ ಕೂಲಿ ಸಿಗುತ್ತೆ. ಸೈನ್ ಮಾಡು” ಎಂದರು. ದನಿಯಲ್ಲಿ ಗದರಿಕೆ ಇರಲಿಲ್ಲ, ಮಗಳಿಗೆ ಹೇಳುವಂತೆ ಹೇಳಿದರು.

ಸೈನ್ ಮಾಡಿದೆ.

ಹಾಜರಿ ಪುಸ್ತಕದಿಂದ ಅವರ ಹೆಸರು ಹೊಡೆದುಹಾಕಿದರು. ಕಾಯಂ ಪಟ್ಟಿ ಬಂದಾಗ ಮೊದಲ ಸಾಲಿನಲ್ಲಿ ಬೇರೆಯವರಿದ್ದರು.

ಎರಡು ವಾರ ಆ ದಿಕ್ಕಿಗೆ ತಲೆ ಹಾಕಲಿಲ್ಲ. ಆಮೇಲೊಂದು ಭಾನುವಾರ ತಡೆಯಲಾರದೆ ಹೋದೆ. ಮುನಿವೆಂಕಟಪ್ಪ ಗುಡ್ಡದ ಮೇಲೆ ಇದ್ದರು! ಮಳೆಗಾಲ ಶುರುವಾಗುವ ಮುಂಚೆ ಏನಾದರೂ ಮಾಡಿಕೊಡಿ ಎಂದು ಹೊನ್ನಮ್ಮನ ಮನೆಯವರು ಕರೆದಿದ್ದರಂತೆ. ಕೂಲಿಯೆಂದರೆ ಎರಡು ಹೊತ್ತು ಊಟ, ಮನೆಗೆ ಒಂದು ಚೊಂಬು ಹಾಲು.

ಹತ್ತಿರ ಹೋಗಿ ನಿಂತೆ. “ಮುನಿವೆಂಕಟಪ್ಪ, ಆ ಕಾಗದಕ್ಕೆ ಸೈನ್ ಹಾಕಿದ್ದು ನಾನು” ಎಂದೆ.

“ಕ್ಲಾರ್ಕು ಓದಿ ಹೇಳಿದ್ರು.” ಕೈ ನಿಲ್ಲಿಸಲಿಲ್ಲ.

“ಬೈಯ್ರಿ ನನ್ನ.”

“ಯಾಕ್ ಬೈಯಾನ? ತೋಡಿದ್ದು ನಾನೇ ತಾನೇ ಅಮ್ಮಣ್ಣಿ” ಎಂದರು. ಕೊಂಕು ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ಇದ್ದದ್ದನ್ನು ಹೇಳಿದರು. ನಾನು ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತೆ. ಅವರು ನನ್ನನ್ನು ಅಳಲು ಬಿಟ್ಟು ಒಂದು ಸಾಲು ಮುಗಿಸಿದರು. ಆಮೇಲೆ, “ಸುಮ್ನೆ ಕೂತಿರ್ಬೇಡಿ, ಆ ಕಂತೆ ಈಚೆ ತಕ್ಕೊಡಿ” ಎಂದರು.

ನಾನು ಕಲಿತದ್ದೆಲ್ಲ ಆ ಭಾನುವಾರ ಮತ್ತು ಆಮೇಲಿನ ನಾಲ್ಕೈದು ಭಾನುವಾರಗಳಲ್ಲಿ. ಹುಡುಗಿಯರೇ, ನೀವು ಕೇಳಿದ್ದು ಇಲ್ಲಿದೆ, ಬರೆದುಕೊಳ್ಳಿ. ಇಳಿಜಾರಿಗೆ ಗಿಡ ಆರಿಸುವಾಗ ಹೂ ನೋಡಬೇಡಿ. ಒಂದು ಕುಡಿ ಹಿಡಿದು ಎಳೆದು ನೋಡಿ. ಗುಪ್ಪೆಯೇ ಕಿತ್ತು ಬಂದರೆ ಅದು ಕೂರುವ ಗಿಡ. ಗಿಣ್ಣುಗಿಣ್ಣಿಗೂ ತಡೆದು ತಡೆದು, ಕೊನೆಗೆ ತುಂಡಾಗಿ ನಿಮ್ಮ ಕೈಗೆ ಚೂರು ಮಾತ್ರ ಬಂದರೆ ಅದು ಹಿಡಿಯುವ ಗಿಡ. ಮುನಿವೆಂಕಟಪ್ಪ ಮೊದಲು ಇಳಿಜಾರಿಗೆ ಅಡ್ಡಡ್ಡ ಲಾವಂಚದ ಸಾಲು ಹಾಕಿದರು. ಅದರ ಬೇರು ಮೊಳೆ ಹೊಡೆದಂತೆ ನೆಟ್ಟಗೆ ಕೆಳಗಿಳಿಯುತ್ತದೆ. ಸಾಲುಗಳ ನಡುವೆ ಹಳದಿ ಹೂವಿನ ವೆಡೇಲಿಯಾ ಹರಿಯಬಿಟ್ಟರು. ಬಂಡೆಗಳ ಸಂದಿಗೆ, ಬದುಕಿ ಉಳಿದಿದ್ದ ಆ ಸೆಡಮ್ ಅನ್ನೇ ಚಿವುಟಿ ಊರಿದರು. “ಪರದೇಶದ್ದಾದ್ರೇನು, ಬಾಳ್ತೀನಿ ಅಂತ ನಿಂತೈತೆ, ಬಾಳ್ಲಿ” ಎಂದರು. ಬುಡದಲ್ಲಿ, ಜನರ ಕೈಗೆ ಸಿಗುವ ಕಡೆ, ಗರಿಕೆ.

“ಗಣೇಶನ ಹಬ್ಬಕ್ಕೆ ಕೀಳ್ತಾರಲ್ಲ?” ಎಂದೆ.

“ಕೀಳ್ಲಿ. ಕೆಳಗೇ ಸಿಕ್ಕಿದ್ರೆ ಮೇಲಕ್ಕೆ ಯಾರ್ ಹತ್ತಾರು?”

ಆ ವರ್ಷದ ಮಳೆಗೆ ಗುಡ್ಡ ಅಲ್ಲಾಡಲಿಲ್ಲ. ಹೊನ್ನಮ್ಮ ಗೋಡೆಯನ್ನು ಇಟ್ಟಿಗೆಯಲ್ಲಿ ಕಟ್ಟಿಸಿಕೊಂಡರು. ಬಹಳ ದಿನ ನನ್ನೊಡನೆ ಮಾತಾಡಲಿಲ್ಲ, ಅದು ನ್ಯಾಯವೇ. ಮುಂದೆ ಬಸವೇಶ್ವರನಗರದಲ್ಲಿ, ಕೆಂಗೇರಿ ಕಡೆಯ ಏರಿಗಳಲ್ಲಿ ಎಷ್ಟೋ ಇಳಿಜಾರುಗಳನ್ನು ನಾನು ಹೀಗೆಯೇ ಕಟ್ಟಿದೆ. ಒಂದೂ ಕುಸಿಯಲಿಲ್ಲ. ಇಲಾಖೆಯ ತರಬೇತಿ ಕೈಪಿಡಿಯಲ್ಲಿ ಈ ಎಳೆದು ನೋಡುವ ವಿಧಾನಕ್ಕೆ ನನ್ನ ಹೆಸರಿಟ್ಟು ಅಚ್ಚು ಹಾಕಿದರು. ಬೇಡ ಎನ್ನಲಿಲ್ಲ ನಾನು.

ನಿಜ ಸಂಗತಿ ತಿಳಿಸಿ ಇನ್ನೊಂದು ಕಾಗದ ಬರೆಯಬೇಕೆಂದು ಆ ಮಳೆಗಾಲದಲ್ಲೇ ಅಂದುಕೊಂಡಿದ್ದೆ. ಪ್ರೊಬೇಷನ್ ಮುಗಿಯಲಿ ಎಂದುಕೊಂಡೆ. ಮುಗಿಯಿತು. ಈ ಸಾಹೇಬರು ಹೋಗಲಿ ಎಂದುಕೊಂಡೆ. ಹೋದರು. ಅಷ್ಟರಲ್ಲಿ ಮುನಿವೆಂಕಟಪ್ಪನವರ ವಯಸ್ಸು ಮಿತಿ ದಾಟಿತ್ತು, ಇನ್ನು ಬರೆದರೆಷ್ಟು ಬಿಟ್ಟರೆಷ್ಟು ಎಂದುಕೊಂಡೆ. ಅವರು ರಾಜಾಜಿನಗರದ ಮನೆಗಳಲ್ಲಿ ದಿನಕ್ಕೊಂದರಂತೆ ಬೇಲಿ ಕತ್ತರಿಸುತ್ತಾ, ಹುಲ್ಲು ಕೆತ್ತುತ್ತಾ ಕೊನೆಯವರೆಗೂ ದುಡಿದರು. ಕೈ ನಡುಗತೊಡಗಿದ ಮೇಲೂ ಬಾಗಿಲ ಬಳಿ ನಿಂತು “ಅಮ್ಮಾ, ತೋಟದ ಕೆಲ್ಸ ಏನಾದ್ರೂ ಐತಾ?” ಎಂದು ಕೇಳುತ್ತಿದ್ದರು. ಒಂದು ದಿನ ನಮ್ಮ ಬಾಗಿಲಿಗೇ ಬಂದರು. ನನ್ನ ಮನೆಯೆಂದು ಅವರಿಗೆ ಗೊತ್ತಿರಲಿಲ್ಲ. ನನ್ನನ್ನು ಕಂಡು ಗಲಿಬಿಲಿಯಾಗಿ, “ಇಲ್ಲ ಬುಡಿ ಅಮ್ಮಣ್ಣಿ, ಇಂಗೇ ಬಂದೆ” ಎಂದು ಹೊರಟೇ ಹೋದರು.

ಅವರು ಈಗಿಲ್ಲ. ಆ ಕಡತ ಎಲ್ಲಿದೆಯೋ ತಿಳಿಯದು. ಇದ್ದರೆ, ಅದರಲ್ಲಿ ಇಂದಿಗೂ ನನ್ನ ರುಜುವಿನ ಮೇಲೆ ಅವರೇ ತಪ್ಪಿತಸ್ಥರು. ಆದ್ದರಿಂದ ಆಗ ಬರೆಯದ ಕಾಗದವನ್ನು ಈಗ ಬರೆಯುತ್ತಿದ್ದೇನೆ. ಆ ಇಳಿಜಾರಿನಲ್ಲಿ ಗಿಡ ಆರಿಸಿದವಳು ನಾನು. ಗುಂಡಿ ತೋಡಿಸಿದವಳು ನಾನು. ಮುನಿವೆಂಕಟಪ್ಪ ಬೇಡ ಎಂದಿದ್ದರು. ಎರಡು ಸಲ ಬೇಡ ಎಂದಿದ್ದರು.